ಮುರಕಲ್ಲಿನ ಮೇಲಿನ ಗಂಗೋತ್ರಿ

ನಮ್ಮ ಸಂಘದ ಕೂಟಗಳಲ್ಲಿ ಕರಾವಳಿಯ ಇಬ್ಬರು ಎದುರಾದರೆ ಮೊದಲ ಪ್ರಶ್ನೆ ‘ಯಾವ ಊರು?’, ಎರಡನೆಯದು ‘ಕೊಣಾಜೆಯಲ್ಲಿ ಓದಿದ್ದೀರಾ?’. ಮಂಗಳೂರು ವಿಶ್ವವಿದ್ಯಾನಿಲಯ ಎಂಬ ಪೂರ್ತಿ ಹೆಸರು ನಮ್ಮ ಬಾಯಿಗೆ ಬರುವುದು ಅರ್ಜಿ ತುಂಬುವಾಗ ಮಾತ್ರ.

ಅದು ನಿಂತಿರುವ ಕೊಣಾಜೆಯ ಗುಡ್ಡಕ್ಕೆ ಇನ್ನೊಂದು ಹೆಸರಿದೆ: ಮಂಗಳಗಂಗೋತ್ರಿ. ಆ ಹೆಸರು ತಾಯಿಮನೆಯಾದ ಮೈಸೂರಿನ ಕಡೆಯಿಂದ ಬಂದದ್ದು. ಕುವೆಂಪು ಅವರು ಮೈಸೂರು ವಿಶ್ವವಿದ್ಯಾನಿಲಯದ ಉಪಕುಲಪತಿಯಾಗಿದ್ದಾಗ 1960ರಲ್ಲಿ ಅದರ ಸ್ನಾತಕೋತ್ತರ ಆವರಣ ಮಾನಸಗಂಗೋತ್ರಿ ಆಯಿತು. ಅದೇ ವಿಶ್ವವಿದ್ಯಾನಿಲಯ 1968ರಲ್ಲಿ ಮಂಗಳೂರಿನಲ್ಲಿ ಒಂದು ಸ್ನಾತಕೋತ್ತರ ಕೇಂದ್ರ ತೆರೆಯಿತು. ಅದನ್ನು ಕಟ್ಟಲು ಘಟ್ಟ ಇಳಿದು ಬಂದವರು ಎಸ್.ವಿ. ಪರಮೇಶ್ವರ ಭಟ್ಟರು, ಕಾಳಿದಾಸನನ್ನು ಇಡಿಯಾಗಿ ಕನ್ನಡಕ್ಕೆ ತಂದವರು. ಮಳೆಗಾಲ ಮುಗಿದೊಡನೆ ಕಾದು ಕೆಂಪಾಗುವ ಮುರಕಲ್ಲಿನ ಬೋಳುಗುಡ್ಡವನ್ನು ಗಂಗೋತ್ರಿ ಎಂದು ಕರೆಯಲು ಕವಿಯ ಧೈರ್ಯವೇ ಬೇಕಿತ್ತೇನೋ. ಕೇಂದ್ರವು 1980ರ ಸೆಪ್ಟೆಂಬರ್ 10ರಂದು ಸ್ವತಂತ್ರ ವಿಶ್ವವಿದ್ಯಾನಿಲಯವಾಯಿತು. ಟಿಪ್ಪುವಿನ ಕಾಲವನ್ನು ಆಳವಾಗಿ ಅಭ್ಯಸಿಸಿದ ಇತಿಹಾಸಕಾರ ಬಿ. ಶೇಖ್ ಅಲಿ ಅದರ ಮೊದಲ ಉಪಕುಲಪತಿ. ದಕ್ಷಿಣ ಕನ್ನಡ, ಉಡುಪಿಗಳ ಜೊತೆಗೆ ಕೊಡಗೂ ಬಹುಕಾಲ ಅದರ ತೆಕ್ಕೆಯಲ್ಲಿತ್ತು; 2023ರಲ್ಲಿ ಕೊಡಗಿಗೆ ತನ್ನದೇ ವಿಶ್ವವಿದ್ಯಾನಿಲಯ ಬಂತು.

ನನಗೆ ಕೊಣಾಜೆ ಇಷ್ಟವಾಗುವುದು ಬೇರೊಂದು ಕಾರಣಕ್ಕೆ. ಭಟ್ಟರ ನೆನಪಿನ ಎಸ್.ವಿ.ಪಿ. ಕನ್ನಡ ಅಧ್ಯಯನ ಸಂಸ್ಥೆಯಲ್ಲಿ ಪಾಡ್ದನ ಎಂಬ ತುಳು ಕಥನಗೀತೆಗಳು, ಭೂತಾರಾಧನೆ, ಯಕ್ಷಗಾನಗಳು ಸಂಶೋಧನೆಯ ವಸ್ತುಗಳಾದವು. ಬಿ.ಎ. ವಿವೇಕ ರೈ ಅವರಂಥವರು ತುಳು ಜಾನಪದಕ್ಕೆ ವಿದ್ವತ್ತಿನ ಅಂಗಳದಲ್ಲಿ ಮಣೆ ಹಾಕಿದರು. ಗದ್ದೆಯಲ್ಲಿ ನೇಜಿ ನೆಡುತ್ತಾ ಹೆಂಗಸರು ಹಾಡುತ್ತಿದ್ದುದನ್ನು ಪದವಿಗೆ ಯೋಗ್ಯವಾದ ವಿಷಯವೆಂದು ಒಪ್ಪಿಸುವುದು ಆ ದಿನಗಳಲ್ಲಿ ಸಣ್ಣ ಕೆಲಸವಾಗಿರಲಿಲ್ಲ. ಅದೇ ಗುಡ್ಡದ ಮೇಲೆ ಮೈಕ್ರೊಟ್ರಾನ್ ಕೇಂದ್ರವೂ ಇದೆ. ಎಲೆಕ್ಟ್ರಾನುಗಳಿಗೆ ಎಂಬತ್ತು ಲಕ್ಷ ಎಲೆಕ್ಟ್ರಾನ್ ವೋಲ್ಟ್‌ಗಳವರೆಗೆ ಶಕ್ತಿ ತುಂಬುವ ಯಂತ್ರವದು. ಇತ್ತ ತುಳುನಾಡಿನ ದೈವ ಕಲ್ಲುರ್ಟಿಯ ಕಥೆ, ಅತ್ತ ವಿಕಿರಣದ ಲೆಕ್ಕ. ಎರಡೂ ಕಡೆಯವರು ತೊಕ್ಕೊಟ್ಟು, ದೇರಳಕಟ್ಟೆ ದಾಟಿ ಬರುವ ಒಂದೇ ಬಸ್ಸಿನಲ್ಲಿ ನೇತಾಡಿಕೊಂಡು ಬಂದವರು.

(ಮಂಗಳೂರಿನ ಬಸ್ಸಿನಲ್ಲಿ ನಿಲ್ಲಲು ಕಲಿತವನಿಗೆ ಯಾವ ದೇಶದ ಮೆಟ್ರೊ ರೈಲೂ ಸಲೀಸು.)

ಮುಂದಿನ ಸಂಚಿಕೆಯಲ್ಲಿ ಕೊಣಾಜೆಯ ಹಳೆಯ ಫೋಟೊಗಳಿಗೆ ಎರಡು ಪುಟ ಮೀಸಲಿಟ್ಟಿದ್ದೇವೆ. ಇದ್ದವರು ಕಳುಹಿಸಿ. ಇಸವಿ ಮರೆತಿದ್ದರೂ ಚಿಂತೆಯಿಲ್ಲ, ಹಿಂಬದಿಯ ಮರಗಳ ಎತ್ತರ ನೋಡಿ ಅಂದಾಜು ಮಾಡಿಕೊಳ್ಳುತ್ತೇವೆ.