ಟೀಮ್ ಆರ್ಡರ್ ಬಗ್ಗೆ ನಿನಗೊಂದು ಉತ್ತರ

ಪ್ರಿಯ ಗೆಳೆಯ,

ಫಾರ್ಮುಲಾ ಒನ್ ಕಾರ್ ರೇಸಿನಲ್ಲಿ ಟೀಮ್ ಆರ್ಡರನ್ನೇ, ಅಂದರೆ ತನ್ನ ಇಬ್ಬರು ಚಾಲಕರಲ್ಲಿ ಒಬ್ಬ ಇನ್ನೊಬ್ಬನಿಗೆ ಜಾಗ ಬಿಡಲಿ ಎಂದು ತಂಡ ಅಪ್ಪಣೆ ಕೊಡುವುದನ್ನೇ, ನಿಷೇಧಿಸಬೇಕು ಅಂತೀಯಲ್ಲ, ಆ ಪ್ರಯೋಗ ಆಗಿಹೋಗಿದೆ ಮಾರಾಯ. 2002ರ ಆಸ್ಟ್ರಿಯಾ ರೇಸಿನಲ್ಲಿ ಫೆರಾರಿ ತಂಡದ ಬ್ಯಾರಿಕೆಲೊ ಇನ್ನೇನು ಗೆದ್ದ ಅನ್ನುವಾಗ ನಿಧಾನಿಸಿ ತನ್ನದೇ ತಂಡದ ಶುಮಾಕರ್‌ಗೆ ದಾರಿ ಬಿಟ್ಟ. ಜನ ಕೂಗಿ ಛೀಮಾರಿ ಹಾಕಿದರು. ಆಮೇಲೆ ಬಿದ್ದ 10 ಲಕ್ಷ ಡಾಲರ್ ದಂಡ ಪೋಡಿಯಂ (ಬಹುಮಾನದ ವೇದಿಕೆ) ಶಿಷ್ಟಾಚಾರ ಮುರಿದದ್ದಕ್ಕೆ, ಆರ್ಡರ್ ಕೊಟ್ಟದ್ದಕ್ಕಲ್ಲ! 2003ಕ್ಕೆ ನಿಷೇಧ ಬಂತು. 2010ರ ಜರ್ಮನ್ ರೇಸಿನಲ್ಲಿ ಫೆರಾರಿಯವರು ರೇಡಿಯೋದಲ್ಲಿ ‘ಫರ್ನಾಂಡೊ ನಿನಗಿಂತ ವೇಗವಾಗಿದ್ದಾನೆ’ ಅಂದದ್ದೇ ಸಾಕಾಯಿತು, ಮಸ್ಸಾ ತನ್ನ ಜೊತೆಗಾರ ಫರ್ನಾಂಡೊ ಅಲೊನ್ಸೊಗೆ ಜಾಗ ಬಿಟ್ಟ. 1 ಲಕ್ಷ ಡಾಲರ್ ದಂಡ ಬಿತ್ತು, ಫಲಿತಾಂಶ ಹಾಗೇ ಉಳಿಯಿತು. 2011ಕ್ಕೆ ನಿಯಮವನ್ನೇ ಕೈಬಿಟ್ಟರು.

ರೇಡಿಯೋ ಮಾತನ್ನು ತಡೆದರೂ ಪಿಟ್‌ಗೆ, ಅಂದರೆ ಟೈರ್ ಬದಲಿಸುವ ಜಾಗಕ್ಕೆ, ಯಾರನ್ನು ಮೊದಲು ಕರೆಯಬೇಕೆಂಬುದನ್ನು ತಡೆಯಲಾಗದು. ಹೊಸ ಟೈರಿನವನು ಸವೆದ ಟೈರಿನವನಿಗಿಂತ ಲ್ಯಾಪಿಗೆ ಒಂದೆರಡು ಸೆಕೆಂಡ್ ಗಳಿಸಬಲ್ಲ. ಮೊದಲು ಪಿಟ್‌ಗೆ ಹೋಗಿ ಹೀಗೆ ಮುಂದಾಗುವುದಕ್ಕೇ ಅಂಡರ್‌ಕಟ್ ಅನ್ನುವುದು. ಹಾಗಾಗಿಯೇ ಮುಂದಿರುವವನಿಗೆ ಮೊದಲ ಪಿಟ್ ಎಂಬ ರೂಢಿ. 2024ರ ಹಂಗೆರಿ ರೇಸಿನಲ್ಲಿ ಮೆಕ್ಲಾರೆನ್ ತಂಡ ಅದನ್ನು ಮುರಿಯಿತು. ಹಿಂದಿದ್ದ ಬೇರೆ ತಂಡದ ಹ್ಯಾಮಿಲ್ಟನ್‌ಗೆ ಹೆದರಿ ಎರಡನೆಯವನಾಗಿದ್ದ ತಮ್ಮ ನಾರಿಸ್‌ನನ್ನು 45ನೇ ಲ್ಯಾಪಿಗೆ ಕರೆದರು, ಮುಂದಿದ್ದ ತಮ್ಮದೇ ಪಿಯಾಸ್ಟ್ರಿಯನ್ನು 47ಕ್ಕೆ. ನಾರಿಸ್ ಮುಂದಾದ. ಅಲ್ಲೇ ಒಂದೆರಡು ಲ್ಯಾಪಿನಲ್ಲಿ ಅದಲುಬದಲು ಮಾಡಿಸಿದ್ದರೆ ಮುಗಿಯುತ್ತಿತ್ತು. 70 ಲ್ಯಾಪಿನ ರೇಸಿನಲ್ಲಿ 68ನೆಯದರವರೆಗೂ ಜಾಗ ಬಿಡು ಅಂತ ನಾರಿಸ್‌ಗೆ ರೇಡಿಯೋದಲ್ಲಿ ಗೋಗರೆತ! ಆರ್ಡರ್ ಸರಿಯಿತ್ತು, ಎಡವಟ್ಟೆಲ್ಲ ಪಿಟ್ ಗೋಡೆಯ ಬಳಿ ಕೂತು ರೇಸ್ ನಡೆಸುವ ತಂಡದವರದು.

ಜಾಗ ಬಿಡುವುದಾದರೆ ನೇರ ಹಾದಿಯಲ್ಲಿ, ಥ್ರಾಟಲ್ ಸಡಿಲಿಸಿ ಬಿಡಬೇಕು. ತಿರುವಿನಲ್ಲಿ ರೇಸಿಂಗ್ ಲೈನ್ (ಎಲ್ಲರೂ ಓಡಿಸುವ ವೇಗದ ಜಾಡು) ಬಿಟ್ಟರೆ ಉದುರಿದ ರಬ್ಬರ್ ಚೂರು ಟೈರಿಗೆ ಮೆತ್ತಿ ಹಿಡಿತ ಹೋಗುತ್ತದೆ. ಬೇರೆ ತಂಡದವನು ಎರಡು ಸೆಕೆಂಡಿನೊಳಗೆ ಬೆನ್ನು ಹತ್ತಿದ್ದರೆ ಈ ಉಸಾಬರಿಯೇ ಬೇಡ.

2025ರ ಮೊಂಜಾ (ಇಟಲಿ) ರೇಸಿನ ವಿಷಯದಲ್ಲಿ ಮಾತ್ರ ನಾನು ನಿನ್ನ ಪಕ್ಷ. ಅಂಡರ್‌ಕಟ್ ಆಗುವುದಿಲ್ಲವೆಂಬ ಮಾತಿನ ಮೇಲೆ, ಮುಂದಿದ್ದ ನಾರಿಸ್ ಪಿಯಾಸ್ಟ್ರಿಗೆ ಮೊದಲ ಪಿಟ್ ಬಿಟ್ಟುಕೊಟ್ಟ. ಆಮೇಲೆ ನಾರಿಸ್‌ನ ಚಕ್ರ ಬದಲಿಸುವುದು ತಡವಾಗಿ 5.9 ಸೆಕೆಂಡ್ ಹಿಡಿಯಿತು. ಮಾಮೂಲಿಯಾಗಿ ಎರಡು, ಎರಡೂವರೆ ಸಾಕು. ಪಿಯಾಸ್ಟ್ರಿ ಮುಂದಾದ, ಜಾಗ ಹಿಂದಿರುಗಿಸು ಅಂದರು. ಕೊಟ್ಟ ಮಾತಿಗೂ ಈ ತಡಕ್ಕೂ ಏನು ಸಂಬಂಧ? ನಿಧಾನದ ಪಿಟ್ ರೇಸಿನ ಭಾಗವೇ. ಪಿಯಾಸ್ಟ್ರಿಯೂ ರೇಡಿಯೋದಲ್ಲಿ ಅದನ್ನೇ ಅಂದು, ಆಮೇಲೆ ಬಿಟ್ಟುಕೊಟ್ಟ.

ತಂಡದ ಒಳಗಿನ ವಿಷಯ ಅನ್ನುವವರಿಗೆ ಈ ಲೆಕ್ಕ ತೋರಿಸು. ಅದಲುಬದಲಿನಿಂದ ನಾರಿಸ್‌ಗೆ ಸಿಕ್ಕಿದ ಎರಡನೇ ಸ್ಥಾನಕ್ಕೆ 18 ಅಂಕ, ಮೂರನೆಯದಕ್ಕೆ 15. ವರ್ಷದ ಕೊನೆಗೆ ನಾರಿಸ್ 423, ಬೇರೆ ತಂಡದ ವರ್ಸ್ಟಾಪನ್ 421. ಉಳಿದದ್ದೆಲ್ಲ ಹಾಗೇ ಇದ್ದು ಆ ಅದಲುಬದಲು ಒಂದು ಆಗದಿದ್ದರೆ ನಾರಿಸ್‌ಗೆ 420, ಚಾಂಪಿಯನ್ ಪಟ್ಟ ವರ್ಸ್ಟಾಪನ್‌ಗೆ.

ಇಂತಿ,
ನಿನ್ನ ಗೆಳೆಯ