ಜಾರಿ ಬಿದ್ದರೋ, ತಲೆ ಸುತ್ತಿ ಬಿದ್ದರೋ?

ಟೋಕಿಯೊ
ಜುಲೈ 14

ಅಮ್ಮನಿಗೆ ನಮಸ್ಕಾರ.

ನಾನು ಕ್ಷೇಮ. ನೀವೂ ಕ್ಷೇಮವೆಂದೇ ನಂಬಿದ್ದೆ, ನಿನ್ನ ಪತ್ರದ ಕೊನೆಯ ಸಾಲಿಗೆ ಬರುವವರೆಗೆ. ಎರಡು ಪುಟ ತುಂಬ ನನ್ನನ್ನು ಬೈದು, ಅಂಚಿನಲ್ಲಿ ಜಾಗ ಉಳಿಯಿತೆಂದು "ಅಪ್ಪಯ್ಯ ಮೊನ್ನೆ ಅಂಗಳದಲ್ಲಿ ಬಿದ್ದರು, ಈಗ ಅಡ್ಡಿಯಿಲ್ಲ" ಎಂದು ಬರೆದಿದ್ದೀಯಲ್ಲ, ಅದನ್ನು ಮೊದಲು ಬರೆಯಬಾರದಿತ್ತೇ?

ಬೈಗುಳಕ್ಕೆ ಉತ್ತರ ಕೊಟ್ಟು ಮುಗಿಸಿಬಿಡುತ್ತೇನೆ. ನಾನು ಕಲಿಯುತ್ತಿರುವುದು ಜೂಡೊ ಎಂಬ ಜಪಾನಿ ಕುಸ್ತಿ, ನೀನು ಬರೆದಂತೆ ಹೊಡೆದಾಟವಲ್ಲ. ವಾಸು ತೋರಿಸಿದ ಫೋಟೊದಲ್ಲಿ ನನ್ನ ಕಿರುಬೆರಳಿಗೆ ಸುತ್ತಿರುವುದು ಬರೀ ಟೇಪು. ಇಲ್ಲಿ ಎಷ್ಟೋ ಜನ ಸುತ್ತಿಕೊಳ್ಳುತ್ತಾರೆ. ಜೂಡೊ ಅಭ್ಯಾಸದಲ್ಲಿ ಗುದ್ದುವುದೂ ಇಲ್ಲ, ಒದೆಯುವುದೂ ಇಲ್ಲ. ಹಿಡಿದು ಎತ್ತಿ ಹಾಕುತ್ತಾರೆ, ಅಷ್ಟೇ. (ಬರೆದ ಮೇಲೆ ನೋಡಿದರೆ ಇದೂ ಸಮಾಧಾನದ ಮಾತಲ್ಲ.) 1882ರಲ್ಲಿ ಕಾನೋ ಜಿಗೊರೊ ಎಂಬ ಮೇಷ್ಟರು ಇದೇ ಊರಿನ ಬೌದ್ಧ ದೇವಾಲಯವೊಂದರಲ್ಲಿ 12 ಚಾಪೆ ಹಾಸಿ ಶುರು ಮಾಡಿದ ವಿದ್ಯೆ ಇದು. ಕಲಿಯುವ ಜಾಗಕ್ಕೆ ದೋಜೊ ಎನ್ನುತ್ತಾರೆ. ಬುದ್ಧನಿಗೆ ಜ್ಞಾನೋದಯವಾದ ಸ್ಥಳ, ಸಂಸ್ಕೃತದ ಬೋಧಿಮಂಡ, ಚೀನೀ ಅನುವಾದದ ದಾರಿಯಲ್ಲಿ ಇಲ್ಲಿಗೆ ಬಂದು ದೋಜೊ ಆಗಿದೆ. ಒಳಗೆ ಹೋಗುವಾಗ ಬಾಗಿ ನಮಸ್ಕಾರ, ಹೊರಗೆ ಬರುವಾಗ ನಮಸ್ಕಾರ, ಎತ್ತಿ ಹಾಕಿದವನಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ನನ್ನಿಂದ ಇಷ್ಟು ವಿನಯವನ್ನು ನೀನು ಕಂಡವಳಲ್ಲ.

ಮಾತೆಲ್ಲ ಜಪಾನಿಯಲ್ಲೇ. ಮೊದಲ ವಾರ ಇದರಿಂದ ಒಂದು ಫಜೀತಿಯಾಯಿತು. "ಹಜಿಮೆ" ಎಂದರೆ ಶುರು ಮಾಡಿ ಎಂದು ಹೇಳಿಕೊಟ್ಟಿದ್ದರು. ನಾನು ಒಬ್ಬನ ಅಂಗಿ ಹಿಡಿದು ಎಳೆಯುತ್ತಿದ್ದಾಗ ಗುರುಗಳು "ಮತ್ತೆ!" ಎಂದು ಕೂಗಿದರು. ಸರಿ, ಮತ್ತೆ ಎಳೆದೆ. ಇನ್ನೂ ಜೋರಾಗಿ "ಮತ್ತೆ!" ಎಂದರು. ನಾನೂ ಇನ್ನೂ ಜೋರಾಗಿ ಎಳೆದೆ. ಇವರ "ಮತ್ತೆ" ಎಂದರೆ ನಿಲ್ಲು, ತಡೆ ಎಂದು ಆ ಬಡಪಾಯಿ ಗೋಡೆಯ ಹತ್ತಿರ ಕುಕ್ಕರಿಸಿದ ಮೇಲೆ ಗೊತ್ತಾಯಿತು. ಅಪ್ಪಯ್ಯನಿಗೆ ಇದನ್ನು ಓದಿ ಹೇಳು, ನಗಲಿ. ಇನ್ನೊಂದೂ ಅವರಿಗೇ: ಕಾಲಿಗೆ ಕಾಲು ಕೊಟ್ಟು ಹಿಂದಕ್ಕೆ ಕೆಡಹುವ ಒಂದು ಪಟ್ಟಿನ ಹೆಸರು ಒಸೊತೊಗಾರಿ. ಒ ಎಂದರೆ ದೊಡ್ಡ, ಸೊತೊ ಎಂದರೆ ಹೊರಗೆ, ಗಾರಿ ಎಂದರೆ ಕೊಯ್ಲು. ಭತ್ತ ಕೊಯ್ಯುವುದಕ್ಕೂ ಇವರು ಇದೇ ಪದವನ್ನು ಬಳಸುತ್ತಾರೆ. ಇಲ್ಲಿ ಹುಟ್ಟಿ ಬೆಳೆದ ಹುಡುಗರಿಗೆ ಕುಡುಗೋಲು ಹಿಡಿದು ಗೊತ್ತಿಲ್ಲ. ನನಗೆ ಆ ಕಾಲಿನ ಬೀಸು ಒಂದೇ ಸಲಕ್ಕೆ ಅರ್ಥವಾಯಿತು.

ಆದರೆ ಮೊದಲ ಎರಡು ತಿಂಗಳು ಬಿದ್ದದ್ದೇ ಬಿದ್ದದ್ದು. ಉಕೆಮಿ ಎಂದು ಅದಕ್ಕೆ ಹೆಸರು, ಪೆಟ್ಟಾಗದಂತೆ ಬೀಳುವ ಪಾಠ. ಕುಕ್ಕರಗಾಲಿನಲ್ಲಿ ಕೂತು, ಬೆನ್ನು ದುಂಡಗೆ ಮಾಡಿ ಹಿಂದಕ್ಕೆ ಉರುಳಬೇಕು. ಗದ್ದವನ್ನು ಎದೆಗೆ ಒತ್ತಿ, ಕಣ್ಣು ಸೊಂಟಪಟ್ಟಿಯ ಗಂಟಿನ ಮೇಲೆ ಇಟ್ಟರೆ ತಲೆ ನೆಲಕ್ಕೆ ಬಡಿಯುವುದಿಲ್ಲ. ಎರಡೂ ತೋಳುಗಳಿಂದ ಚಾಪೆಗೆ ಛಟ್ಟನೆ ಹೊಡೆಯಬೇಕು. ಏನು ಮಾಡಿದರೂ ಕೈ ಊರಬಾರದು. ಕೈ ಊರಿದರೆ ಮಣಿಕಟ್ಟು ಹೋಯಿತು.

ಅದಕ್ಕೇ ಕೇಳುತ್ತಿದ್ದೇನೆ, ಅಪ್ಪಯ್ಯ ಕೈ ಊರಿದರೇ? ಮಣಿಕಟ್ಟು ಊದಿದೆಯೇ? ಫೋನಿನಲ್ಲಿ ಕೇಳಿದರೆ "ಏನಿಲ್ಲ ಮಾರಾಯ, ಮಳೆ ಹೇಗಿದೆ ಅಲ್ಲಿ?" ಎಂದು ಫೋನನ್ನು ಅಕ್ಕನ ಕೈಗೆ ಕೊಟ್ಟುಬಿಟ್ಟರು.

ಮಂಗಳವಾರ ನನ್ನ ಮುಖ ನೋಡಿ ಸೆನ್ಸೆಯಿ ಏನಾಯಿತೆಂದು ಕೇಳಿದರು. (ಗುರುಗಳಿಗೆ ಇಲ್ಲಿ ಸೆನ್ಸೆಯಿ ಎನ್ನುತ್ತಾರೆ, ಮೊದಲು ಹುಟ್ಟಿದವರು ಎಂದು ಅರ್ಥ. ಇವರಿಗೂ ಅಪ್ಪಯ್ಯನಷ್ಟೇ ವಯಸ್ಸು, ಇನ್ನೂ ಚಾಪೆಯ ಮೇಲೆ ಚೆಂಡಿನಂತೆ ಉರುಳುತ್ತಾರೆ.) "ಚಿಚಿ ಗ ತಾವೊರೆಮಾಶಿತ" ಎಂದೆ, ತಂದೆ ಬಿದ್ದರು ಎಂಬ ಅರ್ಥದಲ್ಲಿ. ದೋಜೊ ತಣ್ಣಗಾಯಿತು. ಒಬ್ಬ ನೀರು ತಂದುಕೊಟ್ಟ. ಯಾವ ಆಸ್ಪತ್ರೆ, ವಿಮಾನ ಯಾವಾಗ ಎಂದೆಲ್ಲ ಕೇಳತೊಡಗಿದರು. ಆಮೇಲೆ ಸೆನ್ಸೆಯಿ ಮೆಲ್ಲಗೆ, "ಕೊರೊಂದಾ?" ಎಂದರು. ಎಡವಿಯೋ ಜಾರಿಯೋ ಬಿದ್ದರೆ ಕೊರೊಬು. ಕಾಯಿಲೆಯಿಂದ ಕುಸಿದು ಬಿದ್ದರೆ ತಾವೊರೆರು. ಇವರಿಗೆ ಅವು ಎರಡು ಬೇರೆ ಮಾತು. ನೀನು ಬರೆದದ್ದು ಬರೀ "ಬಿದ್ದರು". ನನಗೆ ಉತ್ತರ ಹೊಳೆಯಲಿಲ್ಲ, ನೆಲ ನೋಡುತ್ತಾ ನಿಂತೆ.

ಆದ್ದರಿಂದ ಅಮ್ಮ, ಸರಿಯಾಗಿ ಕೇಳಿ ಬರೆ. ಅಂಗಳದ ಹಾವಸೆಗೆ ಕಾಲು ಜಾರಿತೇ, ಅಥವಾ ಕಣ್ಣು ಕತ್ತಲೆ ಬಂತೇ? ಹಾಸಿಗೆಯಿಂದ ಎದ್ದ ಕೂಡಲೇ ಹೊರಗೆ ಹೋಗಿದ್ದರೇ? ಬಿ.ಪಿ. ಮಾತ್ರೆ ಅಂದು ತೆಗೆದುಕೊಂಡಿದ್ದರೇ? ತಲೆಗೆ ತಾಗಿತೇ? ಎಣ್ಣೆ ಹಚ್ಚಿ ಕಾವು ಕೊಟ್ಟೆವು ಎಂಬುದು ಉತ್ತರವಲ್ಲ. ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ಎಕ್ಸ್-ರೇ ತೆಗೆಸಿ, ಬಿ.ಪಿ.ಯನ್ನೂ ಸಕ್ಕರೆಯನ್ನೂ ನೋಡಿಸಿ. 40 ಸಾವಿರ ರೂಪಾಯಿಯನ್ನು ಅಕ್ಕನ ಖಾತೆಗೆ ಹಾಕಿದ್ದೇನೆ. ಅಪ್ಪಯ್ಯನ ಕೈಗೆ ಕೊಟ್ಟರೆ ಅದು ತೋಟದ ಕೊಳೆ ಔಷಧಿಗೆ ಹೋಗುತ್ತದೆ, ನನಗೆ ಗೊತ್ತು. ಅಂಗಳಕ್ಕೆ ಬ್ಲೀಚಿಂಗ್ ಪುಡಿ ಹಾಕಿಸಿ ತಿಕ್ಕಿಸು, ಕೊಟ್ಟಿಗೆಯವರೆಗೆ ಅಡಿಕೆ ದಬ್ಬೆ ಹಾಸಿಸು.

ನನ್ನ ಚಿಂತೆ ಬೇಡ. ಊಟ ಚೆನ್ನಾಗಿದೆ, ಮೊಸರು ಸಿಗುತ್ತದೆ, ಬೆರಳಿಗೆ ಏನೂ ಆಗಿಲ್ಲ. ಅಕ್ಷರ ಸೊಟ್ಟಗಿದ್ದರೆ ಅದು ಮೊಣಕಾಲ ಮೇಲೆ ಕಾಗದ ಇಟ್ಟುಕೊಂಡು ಬರೆದದ್ದರಿಂದ, ಬೆರಳಿನಿಂದಲ್ಲ. ಅಂಚೆ ಕಚೇರಿ ಐದಕ್ಕೆ ಮುಚ್ಚುತ್ತದೆ, ಓಡುತ್ತೇನೆ. ಅಜ್ಜಿಗೆ, ಅಕ್ಕನಿಗೆ ಹೇಳು. ಯಾವ ಕೈ ಊರಿದರು ಎಂಬುದನ್ನೂ ಬರೆ.

ನಿನ್ನ ಮಗ,
ರಘು