ಸೇಂಟ್ ಆಂಡ್ರೂಸ್‌ನ ಆ ಭಾನುವಾರಕ್ಕಾಗಿ ನಿಮಗೆಲ್ಲ ವಂದನೆಗಳು

ನನ್ನ ಸ್ತನ ಕ್ಯಾನ್ಸರಿನ ಚಿಕಿತ್ಸೆ ನಡೆದ ಹದಿನಾಲ್ಕು ತಿಂಗಳು ನಮ್ಮ ಜೊತೆಗೆ ನಿಂತವರಿಗೆಲ್ಲ ಒಬ್ಬೊಬ್ಬರಾಗಿ ಪತ್ರ ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ಹೆಸರುಗಳನ್ನು ಬರೆದಿಡಲು ಕುಳಿತಾಗ ಪಟ್ಟಿ ಮುಗಿಯಲೇ ಇಲ್ಲ. ಆದ್ದರಿಂದ ಎಲ್ಲರಿಗೂ ಸೇರಿಸಿ ಈ ಒಂದು ಬರಹ. ಆಸ್ಪತ್ರೆಯ ದಿನಗಳನ್ನು ನೀವೆಲ್ಲ ಹತ್ತಿರದಿಂದ ನೋಡಿದ್ದೀರಿ. ನೀವು ನೋಡದೆ ಇರುವುದು, ಈ ಜೂನ್ ತಿಂಗಳಲ್ಲಿ ನಾನೂ ನನ್ನ ಪತಿಯೂ ಸ್ಕಾಟ್ಲೆಂಡಿನಲ್ಲಿ ಕಳೆದ ಒಂದು ಭಾನುವಾರವನ್ನು. ಅದನ್ನೇ ಇಲ್ಲಿ ಹೇಳುತ್ತೇನೆ, ಏಕೆಂದರೆ ಆ ದಿನವನ್ನು ನನಗೆ ಒದಗಿಸಿಕೊಟ್ಟವರು ನೀವು.

ಮಗ ಎಡಿನ್‌ಬರೋದಲ್ಲಿ ಕೆಲಸದಲ್ಲಿದ್ದಾನೆ. ಚಿಕಿತ್ಸೆ ಮುಗಿದು ವೈದ್ಯರು ಪ್ರಯಾಣಕ್ಕೆ ಒಪ್ಪಿಗೆ ಕೊಟ್ಟ ಮೇಲೆ ಅವನ ಮನೆಗೆ ಹೋಗಿದ್ದೆವು. ಆ ಭಾನುವಾರ ನಾವು ಅಲ್ಲಿಂದ ಹೋದದ್ದು ಸೇಂಟ್ ಆಂಡ್ರೂಸ್ ಎಂಬ ಕಡಲಂಚಿನ ಊರಿಗೆ. ಅದಕ್ಕೆ ರೈಲು ನಿಲ್ದಾಣವಿಲ್ಲ. ಲೂಕರ್ಸ್ ಎಂಬ ಊರಿನವರೆಗೆ ರೈಲಿನಲ್ಲಿ ಹೋಗಿ, ಅಲ್ಲಿಂದ ಬಸ್ಸು ಹಿಡಿಯಬೇಕು. ನನ್ನ ಪತಿ ಗಾಲ್ಫ್ ಆಡುವುದನ್ನು ಕಲಿತದ್ದು ನಲವತ್ತು ದಾಟಿದ ಮೇಲೆ. ಆದರೂ ಆ ಆಟದ ಮೇಲಿನ ಅವರ ಪ್ರೀತಿ ಎಷ್ಟೆಂಬುದು ನಿಮಗೆ ಗೊತ್ತು. ನನ್ನ ಕಾಯಿಲೆ ಪತ್ತೆಯಾದ ವಾರವೇ ಗಾಲ್ಫ್ ಚೀಲವನ್ನು ಅಟ್ಟಕ್ಕೆ ಏರಿಸಿದವರು, ಆಮೇಲೆ ಅದರ ಮಾತನ್ನೇ ಎತ್ತಲಿಲ್ಲ. ಅವರು ಜೀವಮಾನದಲ್ಲಿ ಒಮ್ಮೆ ನೋಡಬೇಕೆಂದು ಬಯಸಿದ್ದ ಊರು ಸೇಂಟ್ ಆಂಡ್ರೂಸ್. ಊರಿನವರು ಅಲ್ಲಿನ ಕಡಲಂಚಿನ ಹುಲ್ಲುಗಾವಲಿನಲ್ಲಿ ಗಾಲ್ಫ್ ಆಡುವ ಹಕ್ಕನ್ನು 1552ರಲ್ಲಿ ಆರ್ಚ್‌ಬಿಷಪ್ ಜಾನ್ ಹ್ಯಾಮಿಲ್ಟನ್ ಅವರ ಸನ್ನದೇ ಮಾನ್ಯ ಮಾಡಿತ್ತು. ಗಾಲ್ಫ್ ಅಂಗಳಕ್ಕೆ ಹದಿನೆಂಟು ಕುಳಿಗಳಿರಬೇಕೆಂಬ ಕ್ರಮವೂ ಅಲ್ಲಿಂದಲೇ ಹೊರಟದ್ದು. 1764ರಲ್ಲಿ ಅಲ್ಲಿನವರು ತಮ್ಮ ಇಪ್ಪತ್ತೆರಡು ಕುಳಿಗಳ ಆಟವನ್ನು ಹದಿನೆಂಟಕ್ಕೆ ಇಳಿಸಿದರು, ಮುಂದೆ ಜಗತ್ತೆಲ್ಲ ಅದನ್ನೇ ಅನುಸರಿಸಿತು.

ಅಲ್ಲಿನ ಓಲ್ಡ್ ಕೋರ್ಸ್ ಎಂಬ ಆ ಹಳೆಯ ಗಾಲ್ಫ್ ಅಂಗಳ ಸಾರ್ವಜನಿಕರದು. ಮುಂಚಿತವಾಗಿ ಹೆಸರು ಕೊಟ್ಟು, ಲಾಟರಿಯಲ್ಲಿ ಆಯ್ಕೆಯಾದರೆ ಹೊರನಾಡಿನವರೂ ಅಲ್ಲಿ ಆಡಬಹುದು. ಆದರೆ ದೊಡ್ಡ ಪಂದ್ಯಗಳ ದಿನಗಳನ್ನು ಬಿಟ್ಟರೆ ಭಾನುವಾರ ಅಲ್ಲಿ ಆಟವಿಲ್ಲ. ಅಂದು ಹುಲ್ಲಿಗೆ ವಿಶ್ರಾಂತಿ. ಆಟಗಾರರಿಗೆ ಬೇಡವಾದರೂ ನೆಲಕ್ಕೆ ವಿರಾಮ ಬೇಕೆಂಬ ಅರ್ಥದ ಮಾತನ್ನು, ಆ ಅಂಗಳವನ್ನು ಬಹುಕಾಲ ನೋಡಿಕೊಂಡಿದ್ದ ಓಲ್ಡ್ ಟಾಮ್ ಮಾರಿಸ್ ಹೇಳಿದ್ದರೆಂಬ ಪ್ರತೀತಿ ಇದೆ. ನಾವು ಹೋದದ್ದು ಭಾನುವಾರ. ನನ್ನ ಪತಿ ಮಗನಿಗೆ ಬಿಡುವಿರುವ ದಿನವೆಂದು ಭಾನುವಾರ ಗೊತ್ತುಮಾಡಿದ್ದಾರೆ, ಪಾಪ, ಆಟವಿಲ್ಲದ ದಿನವೆಂದು ಇವರಿಗೆ ತಿಳಿದಿರಲಿಕ್ಕಿಲ್ಲ ಎಂದೇ ನಾನು ಭಾವಿಸಿದ್ದೆ.

ಬೆಳಗ್ಗೆ ಹತ್ತರ ಹೊತ್ತಿಗೆ ನಾವು ಆ ಹುಲ್ಲಿನ ಮೇಲಿದ್ದೆವು. ಅಷ್ಟು ಹೆಸರಾದ ಅಂಗಳ ಅಂದು ಊರಿನ ಉದ್ಯಾನದಂತಿತ್ತು. ನಾಯಿಗಳನ್ನು ಕರೆದುಕೊಂಡು ಬಂದವರು, ಓಡುತ್ತಿದ್ದ ಮಕ್ಕಳು, ಕೈಗಾಡಿಯಲ್ಲಿ ಕೂಸನ್ನು ತಳ್ಳಿಕೊಂಡು ಬಂದ ತಾಯಂದಿರು. ಯಾರೂ ಚೆಂಡು ಹೊಡೆಯುವುದಿಲ್ಲವಾದ್ದರಿಂದ ಹಿಂದೆ ಮುಂದೆ ನೋಡದೆ, ಯಾರಿಗೂ ದಾರಿ ಬಿಡುವ ಅವಸರವಿಲ್ಲದೆ, ನನಗೆ ಸಾಧ್ಯವಾಗುವ ನಿಧಾನದಲ್ಲಿ ನಾವಿಬ್ಬರೂ ನಡೆದೆವು. ಹದಿನೆಂಟನೆಯ ಕುಳಿಗೆ ಒಯ್ಯುವ ಫೇರ್‌ವೇ ಎಂಬ ಹುಲ್ಲುಹಾದಿಯಲ್ಲಿ ಸ್ವಿಲ್ಕನ್ ಎಂಬ ಸಣ್ಣ ತೊರೆಗೆ ಕಟ್ಟಿದ ಪುಟ್ಟ ಕಲ್ಲಿನ ಸೇತುವೆಯ ಮೇಲೆ ಅವರು ನಿಂತಾಗ ನಾನು ಚಿತ್ರ ತೆಗೆದೆ. ಹದಿನೇಳನೆಯ ಕುಳಿಯ ಬಳಿ ಬಂಕರ್ ಎಂಬ ಆಳವಾದ ಮರಳುಗುಂಡಿಯ ಅಂಚಿನಲ್ಲಿ ನಿಂತು, ಇಲ್ಲಿ ಸಿಕ್ಕಿಬಿದ್ದ ಚೆಂಡನ್ನು ಹೊರತೆಗೆಯಲು ಎಂಥೆಂಥ ಆಟಗಾರರು ಪರದಾಡಿದ್ದಾರೆಂದು ಅವರು ವಿವರಿಸುತ್ತಿದ್ದರೆ, ಎಷ್ಟೋ ತಿಂಗಳ ನಂತರ ಅವರ ದನಿಯಲ್ಲಿ ಹಳೆಯ ಉತ್ಸಾಹ ಕೇಳಿಸಿತು.

ಮಧ್ಯಾಹ್ನ ಊಟಕ್ಕೆ ಒಂದು ಚಿಕ್ಕ ಹೋಟೆಲಿಗೆ ಹೋದೆವು. ಇಲ್ಲಿ ನಾನು ಸ್ವಲ್ಪ ನಿಲ್ಲಬೇಕು.

ಕಿಮೋಥೆರಪಿ ತೆಗೆದುಕೊಂಡವರಿಗೆ ನಾನು ಹೇಳುವುದು ಬೇಗ ತಿಳಿಯುತ್ತದೆ. ಮೂರು ವಾರಕ್ಕೊಮ್ಮೆಯಂತೆ ಆರು ಸಲ ಔಷಧಿ ಏರಿಸಿದ ಆ ಅವಧಿಯಲ್ಲಿ ನನ್ನ ನಾಲಿಗೆಗೆ ಎಲ್ಲವೂ ತುಕ್ಕು ಹಿಡಿದ ಕಬ್ಬಿಣವನ್ನು ನೆಕ್ಕಿದಂತೆ ಇರುತ್ತಿತ್ತು. ನೀರು ಕೂಡ ಹಾಗೆಯೇ. ಚಿಕಿತ್ಸೆ ಮುಗಿದ ಮೇಲೆ ಕಹಿ ಕಡಿಮೆಯಾಯಿತು, ಆದರೆ ರುಚಿ ಹಿಂದಿರುಗಲಿಲ್ಲ. ಹಸಿವಿಗಾಗಿ ಅಲ್ಲ, ರಕ್ತಪರೀಕ್ಷೆಯ ಅಂಕಿಗಳಿಗಾಗಿ ಊಟ ಮಾಡುತ್ತಿದ್ದೆ. ಅಂದು ನಾವು ಹೇಳಿದ್ದು ಕಲನ್ ಸ್ಕಿಂಕ್ ಎಂಬ ಅಲ್ಲಿಯದೇ ಸೂಪು. ಈಶಾನ್ಯ ಸ್ಕಾಟ್ಲೆಂಡಿನ ಕಡಲ ದಂಡೆಯಲ್ಲಿರುವ ಕಲನ್ ಎಂಬ ಊರಿನ ಹೆಸರನ್ನು ಹೊತ್ತ ಈ ಅಡುಗೆಗೆ ಹೆಚ್ಚು ಸಾಮಗ್ರಿಯೇನೂ ಬೇಡ: ಹೊಗೆಯಲ್ಲಿ ಹದಗೊಳಿಸಿದ ಹ್ಯಾಡಕ್ ಮೀನು, ಆಲೂಗಡ್ಡೆ, ಈರುಳ್ಳಿ, ಹಾಲು. ಮೀನು ತಿಂದು ಬೆಳೆದ ನನಗೂ ಹಾಲು ಮತ್ತು ಮೀನಿನ ಈ ಜೋಡಿ ಹೊಸತಾಗಿತ್ತು. ಮೊದಲ ಚಮಚದಲ್ಲಿ ಬೆಚ್ಚಗೆನ್ನುವುದರ ಹೊರತು ಏನೂ ಗೊತ್ತಾಗಲಿಲ್ಲ. ಎರಡನೆಯದರಲ್ಲಿ ಹೊಗೆ ತಿಳಿಯಿತು, ಸೌದೆ ಒಲೆಯ ಮುಂದೆ ಕುಳಿತಾಗ ಬರುವಂಥ ಹೊಗೆ. ಆಮೇಲೆ ಉಪ್ಪು, ಅದರ ಹಿಂದೆಯೇ ಬೆಂದ ಈರುಳ್ಳಿಯ ತೆಳುವಾದ ಸಿಹಿ, ಕೊನೆಗೆ ಮೀನು. ಒಂದೊಂದಾಗಿ, ಬೇರೆ ಬೇರೆಯಾಗಿ, ಹೆಸರು ಹಿಡಿದು ಗುರುತಿಸುವಂತೆ ಬಂದವು. ನಾನು ಚಮಚ ಕೆಳಗಿಟ್ಟು ಅತ್ತುಬಿಟ್ಟೆ. "ಏನಾಯಿತು? ನೋವಾಗುತ್ತಿದೆಯೇ?" ಎಂದು ಅವರು ಗಾಬರಿಯಾದರು. "ಇಲ್ಲ, ರುಚಿ ಗೊತ್ತಾಗುತ್ತಿದೆ, ನೀವೂ ತಿನ್ನಿ" ಎಂದೆ. ಬಡಿಸುತ್ತಿದ್ದ ಹುಡುಗಿ ಏನನ್ನೂ ಕೇಳದೆ ಒಂದು ಲೋಟ ನೀರನ್ನೂ ಇನ್ನೆರಡು ತುಂಡು ಬ್ರೆಡ್ಡನ್ನೂ ತಂದಿಟ್ಟು ಹೋದಳು. ಅವಳ ಹೆಸರು ನನಗೆ ತಿಳಿಯದು. ಈ ಕೃತಜ್ಞತೆಯಲ್ಲಿ ಅವಳಿಗೂ ಪಾಲಿದೆ.

ಊಟದ ನಂತರ ನಾನೂ ಗಾಲ್ಫ್ ಆಡಿದೆ. ಓಲ್ಡ್ ಕೋರ್ಸಿನ ಪಕ್ಕದಲ್ಲೇ ಹಿಮಾಲಯಾಸ್ ಎಂದು ಕರೆಯುವ ಉಬ್ಬುತಗ್ಗುಗಳ ಹುಲ್ಲಿನಂಗಳವೊಂದಿದೆ. ಅಲ್ಲಿ ಕೋಲು ಬೀಸುವಂತಿಲ್ಲ, ಪಟರ್ ಎಂಬ ಕೋಲನ್ನು ಹಿಡಿದು ಚೆಂಡನ್ನು ನೆಲದ ಮೇಲೆ ಉರುಳಿಸಿ ಕುಳಿ ಸೇರಿಸುವುದಷ್ಟೇ ಆಟ. ಅದು 1867ರಲ್ಲಿ ಸ್ಥಾಪನೆಯಾದ ಮಹಿಳೆಯರ ಕ್ಲಬ್ಬಿನದು. ಕೋಲನ್ನು ಭುಜಕ್ಕಿಂತ ಮೇಲೆತ್ತಿ ಬೀಸುವುದು ಹೆಂಗಸರಿಗೆ ಶೋಭಿಸದೆಂದು ಹೇಳುತ್ತಿದ್ದ ಕಾಲದಲ್ಲಿ, ಅಲ್ಲಿನ ಹೆಂಗಸರು ತಮಗೆ ಬಿಟ್ಟುಕೊಟ್ಟಷ್ಟರಲ್ಲೇ ಒಂದು ಆಟವನ್ನು ಕಟ್ಟಿಕೊಂಡರು, ಮತ್ತು ಅದನ್ನು ಇಂದಿನವರೆಗೂ ನಡೆಸಿಕೊಂಡು ಬಂದಿದ್ದಾರೆ. ಈಗ ಕೆಲವು ಪೌಂಡ್ ಕೊಟ್ಟು ಯಾರು ಬೇಕಾದರೂ ಆಡಬಹುದು. ಶಸ್ತ್ರಚಿಕಿತ್ಸೆಯಲ್ಲಿ ಕಂಕುಳಿನ ಗ್ರಂಥಿಗಳನ್ನೂ ತೆಗೆದ ಮೇಲೆ ನನ್ನ ಎಡಗೈ ಭುಜದ ಮಟ್ಟಕ್ಕಿಂತ ಮೇಲೆ ಸಲೀಸಾಗಿ ಏಳುವುದಿಲ್ಲ. ಆ ಹೆಂಗಸರನ್ನು ಮನಸ್ಸಿನಲ್ಲೇ ನೆನೆದು, ನನಗೆ ಎಷ್ಟು ಸಾಧ್ಯವೋ ಅಷ್ಟೇ ಬೇಡುವ ಆ ಅಂಗಳಕ್ಕೆ ಇಳಿದೆ.

ಹದಿನೆಂಟು ಕುಳಿಗಳನ್ನೂ ಮುಗಿಸಲು ನಮಗೆ ಒಂದೂವರೆ ಗಂಟೆಗಿಂತ ಹೆಚ್ಚೇ ಹಿಡಿಯಿತು. ದಿಬ್ಬವೊಂದನ್ನು ಏರಿದ ಚೆಂಡು ತುದಿಯಲ್ಲಿ ಒಂದು ಕ್ಷಣ ತಡೆದು ನಮ್ಮ ಕಡೆಗೇ ಹಿಂದಿರುಗಿ ಬರುತ್ತಿತ್ತು. ಹನ್ನೊಂದನೆಯ ಕುಳಿಯಲ್ಲಿ ಅದು ಬಳಸು ಹಾದಿ ಹಿಡಿದು, ನಾನು ಗುರಿಯಿಟ್ಟ ಕಡೆ ಹೋಗದೆ ತಾನಾಗಿಯೇ ಕುಳಿಗೆ ಬಿದ್ದಾಗ ಪಕ್ಕದಲ್ಲಿ ಆಡುತ್ತಿದ್ದ ವೃದ್ಧ ದಂಪತಿಗಳು ಚಪ್ಪಾಳೆ ತಟ್ಟಿದರು. ನಾನು ಎರಡೂ ಕೈ ಎತ್ತಿದೆ. ಎಡಗೈ ಎಷ್ಟು ಎತ್ತರಕ್ಕೆ ಏರಿತೆಂಬುದನ್ನು ನನ್ನ ಪತಿ ನೋಡಿದರು, ನಾನೂ ನೋಡಿದೆ.

ಗೋಡೆಯ ಮೇಲೆ ಬೆರಳುಗಳನ್ನು ಮೆಲ್ಲನೆ ಹತ್ತಿಸುವ ವ್ಯಾಯಾಮವನ್ನು ನನಗೆ ಕಲಿಸಿದ, ನೋವೆಂದು ನಾನು ನಿಲ್ಲಿಸಿದಾಗಲೆಲ್ಲ "ಇವತ್ತು ಇನ್ನೊಂದು ಬೆರಳಗಲ, ಅಮ್ಮಾ" ಎಂದು ಒತ್ತಾಯಿಸಿದ ಫಿಸಿಯೋಥೆರಪಿಯ ಮಗಳೇ, ಆ ಕೈ ನಿನ್ನದು. ನಮ್ಮ ಮಲಗುವ ಕೋಣೆಯ ಗೋಡೆಯ ಮೇಲೆ ದಿನಾಂಕದೊಂದಿಗೆ ಹಾಕಿದ ಪೆನ್ಸಿಲಿನ ಗೀಟುಗಳು ಇಂದಿಗೂ ಇವೆ. ನಮ್ಮ ಪ್ರಶ್ನೆಗಳು ಮುಗಿಯುವವರೆಗೆ ಒಮ್ಮೆಯೂ ಗಡಿಯಾರ ನೋಡದ ವೈದ್ಯರಿಗೆ, ಕಿಮೋ ಕೊಠಡಿಯಲ್ಲಿ ನರ ಸಿಗದೆ ನಾನು ಬೆವರಿದಾಗ ಹಣೆ ಒರೆಸಿದ ದಾದಿಯರಿಗೆ, ರಾತ್ರಿ ಎರಡು ಗಂಟೆಗೆ ಜ್ವರ ಏರಿದಾಗ ಕಾರು ತೆಗೆದ ಪಕ್ಕದ ಮನೆಯವರಿಗೆ, ರಕ್ತ ಕೊಟ್ಟು ಹೆಸರನ್ನೂ ಹೇಳದೆ ಹೋದ ಇಬ್ಬರು ಯುವಕರಿಗೆ ಕೈ ಮುಗಿದು ವಂದಿಸುತ್ತೇನೆ.

ಸಂಜೆ ವೆಸ್ಟ್ ಸ್ಯಾಂಡ್ಸ್ ಕಡಲ ತೀರದಲ್ಲಿ ಕುಳಿತು, ಕಾಗದದ ಪೆಟ್ಟಿಗೆಯಲ್ಲಿ ಬಿಸಿಬಿಸಿಯಾಗಿ ಕೊಟ್ಟ ಮೀನು ಮತ್ತು ಆಲೂಗಡ್ಡೆಯ ಕರಿದ ತುಂಡುಗಳನ್ನು ಹಂಚಿಕೊಂಡು ತಿಂದೆವು. ಇಂಗ್ಲೆಂಡಿನಲ್ಲಿ ಇದಕ್ಕೆ ಹೆಚ್ಚಾಗಿ ಕಾಡ್ ಮೀನು, ಸ್ಕಾಟ್ಲೆಂಡಿನವರಿಗೆ ಹ್ಯಾಡಕ್ ಇಷ್ಟ. ಜೂನ್ ತಿಂಗಳಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಹತ್ತರ ಹೊತ್ತಿಗೆ. ಹಾಗಾಗಿ ಏಳುವ ಆತುರವಿರಲಿಲ್ಲ. ಮಾರನೆಯ ದಿನ ಮಗ ಹೇಳಿದ ಮೇಲಷ್ಟೇ ನನಗೆ ವಿಷಯ ತಿಳಿಯಿತು. ಲಾಟರಿಗೆ ಹೆಸರು ಕೊಡಲು ಅವನು ಮುಂದಾಗಿದ್ದನಂತೆ; ನನ್ನ ಪತಿ ಬೇಡವೆಂದು, ಆಟವಿಲ್ಲದ ದಿನವನ್ನೇ ತಿಳಿದು ಆರಿಸಿದ್ದರಂತೆ. "ಅವಳು ಹೊರಗೆ ಬೇಲಿಯ ಬಳಿ ಕಾಯುತ್ತ ಕೂರುವುದಾದರೆ ನನಗೆ ಆ ಆಟ ಬೇಡ, ಅವಳೂ ನಡೆಯಬಹುದಾದ ದಿನ ಹೋಗೋಣ" ಎಂದಿದ್ದರಂತೆ. ಅವರಿಗೆ ಇಲ್ಲಿ ಎಲ್ಲರೆದುರು ಧನ್ಯವಾದ ಹೇಳಿದರೆ ಸಂಕೋಚಪಡುತ್ತಾರೆ. ಆದರೂ ಹೇಳುತ್ತಿದ್ದೇನೆ. ಊರಿಗೆ ಬಂದಾಗ ಅಟ್ಟದಿಂದ ಚೀಲವನ್ನು ಇಳಿಸಲು ಮಗನಿಗೆ ಹೇಳಿಟ್ಟಿದ್ದೇನೆ.

ಕೊನೆಯದಾಗಿ, ಅಕ್ಕ, ನಿನಗೆ. ನಾನು ಒಂದು ತುತ್ತು ತಿಂದು ತಟ್ಟೆ ಸರಿಸಿದಾಗಲೂ ಬೇಸರಿಸದೆ ಮರುದಿನ ಮತ್ತೊಂದು ಬಗೆಯ ಗಂಜಿ ಮಾಡಿಕೊಂಡು ಬಂದೆ, ಆರು ತಿಂಗಳು. ಅವುಗಳಲ್ಲಿ ಒಂದರ ರುಚಿಯೂ ನನಗೆ ತಿಳಿಯಲಿಲ್ಲವೆಂಬ ಕೊರಗು ಇನ್ನೂ ಇದೆ. ಮುಂದಿನ ವಾರ ಬಾ. ಆ ಗಂಜಿಗಳನ್ನೆಲ್ಲ ಒಂದೊಂದಾಗಿ ನನಗೆ ಹೇಳಿಕೊಡು. ಈ ಸಲ ಒಲೆಯ ಮುಂದೆ ನಾನಿರುತ್ತೇನೆ, ನೀನು ಕುಳಿತುಕೊಂಡಿರು.